ಹೆಬ್ಬಾಗಿಲು ಯಾರದು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಸಾಗರ ತಾಲ್ಲೂಕಿನಲ್ಲಿರುವ ನಮ್ಮ ಹಿರಿಯರ ಮನೆಗೆ ನೂರಿಪ್ಪತ್ತು ವರ್ಷ ದಾಟಿದೆ. ಎರಡು ವರ್ಷಗಳ ಹಿಂದೆ ಟ್ರಸ್ಟ್ ಮಾಡಿ, ಮನೆಯನ್ನು ವಸ್ತುಸಂಗ್ರಹಾಲಯವಾಗಿಸಿ, ಭಾನುವಾರಗಳಂದು ತೆರೆದಿಡುತ್ತಿದ್ದೇವೆ. ಹೆಬ್ಬಾಗಿಲಿನ ಬಲಗಡೆಯ ಕಂಬದ ಬುಡವನ್ನು ಗೆದ್ದಲು ತಿಂದು, ಮೇಲಿನ ತೊಲೆ ನಾಲ್ಕು ಬೆರಳು ಕುಸಿದಿದೆ. ಕಳೆದ ಮಳೆಗಾಲದಲ್ಲಿ ಮಾಡಿನ ಒಂದು ಮೂಲೆ ಬಿತ್ತು. ಅಪಾಯ ಬೇಡವೆಂದು ಈಗ ಜನರನ್ನು ಹಿಂಬಾಗಿಲಿನಿಂದ ಬಿಡುತ್ತಿದ್ದೇವೆ. ಗುತ್ತಿಗೆದಾರರು ₹14.6 ಲಕ್ಷದ ಅಂದಾಜು ಕೊಟ್ಟಿದ್ದಾರೆ. ಮನವಿ ಪತ್ರ ಹಂಚಿ ಎಂಟು ತಿಂಗಳಲ್ಲಿ ಬಂದದ್ದು ₹1.35 ಲಕ್ಷ. ಅದರಲ್ಲಿ ಒಂದು ಲಕ್ಷ ನಮ್ಮ ಮನೆಯವರದೇ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ, ಸರ್ಕಾರದ ಅನುದಾನ, ಅಮೆರಿಕದಲ್ಲಿರುವ ನೆಂಟರು, ಇವರಲ್ಲಿ ಯಾರನ್ನು ಹೇಗೆ ಕೇಳಬೇಕು? ಅಂದಾಜುಪಟ್ಟಿ, ಮನವಿ ಪತ್ರ, ಟ್ರಸ್ಟ್ ಪತ್ರದ ಪ್ರತಿ, ವಸ್ತುಗಳ ಪಟ್ಟಿ ಮತ್ತು ಫೋಟೊಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಮೇಷ್ಟರೇ, ಅಂದಾಜುಪಟ್ಟಿಯ ಹನ್ನೊಂದನೆಯ ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿ. ‘ಹಳೇ ಬಾಗಿಲು, ದಾರಂದ, ಕಂಬ, ತೊಲೆ ಬಿಚ್ಚಿ ಸಾಗಿಸುವುದು. ಬಿಚ್ಚಿದ ಮರಮುಟ್ಟು ಗುತ್ತಿಗೆದಾರರಿಗೆ ಸೇರತಕ್ಕದ್ದು.’ ಅದರ ಎದುರು ದರದ ಕಾಲಂ ಖಾಲಿ ಇದೆ. ಔದಾರ್ಯದಿಂದ ಖಾಲಿ ಬಿಟ್ಟದ್ದಲ್ಲ. ನೀವು ಹದಿನಾಲ್ಕು ಲಕ್ಷ ಕೊಟ್ಟು ಹೊಸ ಬಾಗಿಲು ಮಾಡಿಸಿಕೊಳ್ಳುವ ಹೊತ್ತಿಗೆ ಕೆತ್ತನೆಯ ಎರಡು ಕಂಬಗಳೂ ಹಿತ್ತಾಳೆ ಕಟ್ಟಿನ ಜೋಡಿ ಬಾಗಿಲೂ ಲಾರಿ ಹತ್ತಿ ಯಾವುದೋ ರೆಸಾರ್ಟಿನ ಪಡಸಾಲೆ ಸೇರಿರುತ್ತವೆ. ಆ ವ್ಯವಹಾರದಲ್ಲಿ ನಷ್ಟ ನಿಮ್ಮದೊಬ್ಬರದೇ.

ಮನೆ ಕೆಡವಿದಾಗ ಕೆತ್ತನೆಯ ಮರ ಸೌದೆಯ ಲೆಕ್ಕದಲ್ಲಿ ಹೋಗುವುದು ನಮ್ಮ ಕಡೆ ಹಳೆಯ ಕಥೆ. ಮಣಿಪಾಲದ ವಿಜಯನಾಥ ಶೆಣೈ ಅವರು ಬ್ಯಾಂಕಿನ ನೌಕರಿಯಲ್ಲಿದ್ದುಕೊಂಡೇ ಹಾಗೆ ಕೆಡವುತ್ತಿದ್ದ ಮನೆಗಳ ಬಾಗಿಲು, ಕಂಬ, ಮುಚ್ಚಿಗೆಗಳ ಹಿಂದೆ ಅಲೆದವರು. ಅವರು ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಒಮ್ಮೆ ಅಲ್ಲಿಗೆ ಹೋಗಿ ಬನ್ನಿ, ನಿಮ್ಮ ಊರಿನ ಆಚಾರಿಯನ್ನೂ ಕರೆದುಕೊಂಡು. ಇನ್ನೊಂದು ಮಾತು: ನೂರು ವರ್ಷ ದಾಟಿದ ಕೆತ್ತನೆಯ ಮರ 1972 ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಹನ್ನೊಂದನೆಯ ಸಾಲನ್ನು ಹೊಡೆದುಹಾಕಲು ಇದಕ್ಕಿಂತ ಸಭ್ಯವಾದ ಕಾರಣ ನಿಮಗೆ ಸಿಗಲಾರದು.

ದುಡ್ಡಿನ ವಿಷಯ ಕೇಳಿದರೆ ಇವರು ಮರದ ವಿಷಯ ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ಎಷ್ಟು ಬೇಕು ಎನ್ನುವುದು ತಪ್ಪಾಗಿದ್ದರೆ ಯಾರನ್ನು ಕೇಳಬೇಕು ಎನ್ನುವುದೂ ತಪ್ಪಾಗುತ್ತದೆ. ನಿಮ್ಮ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಬಲಗಂಬದಲ್ಲಿ ಕೆಟ್ಟಿರುವುದು ಬುಡದ ಒಂದೂವರೆ ಅಡಿ ಮಾತ್ರ. ಎಡಗಂಬದ ಕೆಳಗೆ ಕಲ್ಲಿನ ಪೀಠ ಕಾಣುತ್ತದೆ, ಬಲಗಡೆ ಕಾಣುವುದಿಲ್ಲ. ಎಂದೋ ಯಾರೋ ಆ ಬದಿಯ ಜಗಲಿಗೆ ಸಿಮೆಂಟ್ ಹಾಕಿ ನೆಲ ಎತ್ತರಿಸಿದ್ದಾರೆ, ಕಂಬದ ಪಾದ ಅದರೊಳಗೆ ಹೂತುಹೋಗಿದೆ. ಇರಚಲಿನ ನೀರು ಕಂಬದ ಗುಂಟ ಇಳಿದು ಆ ಗುಂಡಿಯಲ್ಲಿ ನಿಂತರೆ ಆರಲು ದಾರಿಯಿಲ್ಲ. ಮರ ಮೊದಲು ಮೆತ್ತಗಾಯಿತು, ಗೆದ್ದಲು ಆಮೇಲೆ ಬಂತು. ಆದ್ದರಿಂದ ಗೆದ್ದಲಿನ ಔಷಧಿಗೆ ದುಡ್ಡು ಸುರಿಯುವ ಮೊದಲು ಉಳಿ ಸುತ್ತಿಗೆ ಹಿಡಿದು ಆ ಸಿಮೆಂಟನ್ನು ಒಡೆಸಿ. ಗೋಡೆ ಮಣ್ಣಿನದು, ಅದಕ್ಕೂ ಹೊರಗಿನಿಂದ ಸಿಮೆಂಟ್ ಗಾರೆ ಮೆತ್ತಿದ್ದಾರೆ. ತೊಲೆಯ ತುದಿ ಆ ಗೋಡೆಯೊಳಗೆ ಕೂತಿರುವುದರಿಂದ ಅಲ್ಲಿಯೂ ಇದೇ ಅವಸ್ಥೆ ಇರಬಹುದು. ಬೀಗದ ಕೈಯಿಂದ ತೊಲೆಯನ್ನು ನಡುವಿನಿಂದ ಗೋಡೆಯ ಕಡೆಗೆ ಗೇಣು ಗೇಣಿಗೆ ತಟ್ಟುತ್ತ ಹೋಗಿ. ಗಟ್ಟಿ ಮರದ ದನಿ ಎಲ್ಲಿ ಟೊಳ್ಳಾಗುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ನಲವತ್ತು ವರ್ಷ ಹಿಡಿದ ಸೀಮೆಸುಣ್ಣ, ಕೈ ತಪ್ಪಲಾರದು.

ಒಳ್ಳೆಯ ಆಚಾರಿ ಕಂಬವನ್ನು ಬದಲಾಯಿಸುವುದಿಲ್ಲ. ಮೇಲಿನ ಭಾರವನ್ನು ಆಸರೆ ಕಂಬಗಳಿಗೆ ವರ್ಗಾಯಿಸಿ, ಕೊಳೆತಷ್ಟನ್ನು ಕೊಯ್ದು, ಅದೇ ಜಾತಿಯ ಹಳೆಯ ಒಣ ಮರದ ತುಂಡನ್ನು ಕಚ್ಚು ಹಾಕಿ ಕೂಡಿಸಿ, ಪಾದವನ್ನು ಮತ್ತೆ ಕಲ್ಲಿನ ಮೇಲೆ ನಿಲ್ಲಿಸುತ್ತಾನೆ. ಹಸಿ ಮರ ತಂದರೆ ಒಂದೇ ಬೇಸಿಗೆಯಲ್ಲಿ ಬಿರುಕು ಬಿಟ್ಟೀತು. ನಿಮ್ಮ ಪಟ್ಟಿಯಲ್ಲಿರುವ ಹೊಸ ತೇಗ, ಕಾಂಕ್ರೀಟ್ ಲಿಂಟಲ್, ಗ್ರಾನೈಟ್ ಮೆಟ್ಟಿಲು, ಎಲ್‌ಇಡಿ ಅಲಂಕಾರ ಇವನ್ನೆಲ್ಲ ತೆಗೆದರೆ ಮೊತ್ತ ಅರ್ಧಕ್ಕಿಂತ ಕೆಳಗೆ ಇಳಿಯಬೇಕೆಂದು ನನ್ನ ಅನಿಸಿಕೆ. ಆದರೆ ನನ್ನ ಅನಿಸಿಕೆಯ ಮೇಲೆ ಯಾರೂ ಚೆಕ್ ಬರೆಯುವುದಿಲ್ಲ. ಹಳೆಯ ಕಟ್ಟಡಗಳಲ್ಲಿ ಕೆಲಸ ಮಾಡಿದ ಸಂರಕ್ಷಣಾ ವಾಸ್ತುಶಿಲ್ಪಿಯೊಬ್ಬರಿಂದ ಅಳತೆಯ ನಕ್ಷೆ ಮತ್ತು ಹೊಸ ಅಂದಾಜು ಬರೆಸಿ. ಅಂಥವರ ಪರಿಚಯ ಇಲ್ಲವಾದರೆ ಇಂಟ್ಯಾಕ್‌ಗೆ ಬರೆಯಿರಿ. ಪರಂಪರೆಯ ಕಟ್ಟಡ, ಕಲೆಗಳ ಸಂರಕ್ಷಣೆಗೆಂದು 1984 ರಲ್ಲಿ ಶುರುವಾದ ಈ ಸಂಸ್ಥೆಗೆ ಕರ್ನಾಟಕದಲ್ಲಿಯೂ ಶಾಖೆಗಳಿವೆ. ಮಣ್ಣಿನ ಗೋಡೆ ಬಿಚ್ಚಿದ ಮೇಲೆ ಏನು ಕಾಣುತ್ತದೋ ಯಾರಿಗೂ ಗೊತ್ತಿರುವುದಿಲ್ಲ, ಆದ್ದರಿಂದ ನೂರಕ್ಕೆ ಹದಿನೈದು ಪಾಲು ಕೈಮೀಸಲು ಇರಲಿ.

ಈಗಾಗಲೇ ಕೈಯಲ್ಲಿರುವ ಒಂದು ಲಕ್ಷ ಮೂವತ್ತೈದು ಸಾವಿರವನ್ನು ಏನು ಮಾಡುವುದು? ಬ್ಯಾಂಕಿನಲ್ಲಿ ಇಟ್ಟು ಕಾಯಬೇಡಿ. ಆಸರೆ ಕಂಬ, ಬಿದ್ದ ಮೂಲೆಗೆ ತಾತ್ಕಾಲಿಕ ಹೊದಿಕೆ, ಗೋಡೆಗೆ ಸೋಗೆಯ ಮರೆ ಮತ್ತು ವಾಸ್ತುಶಿಲ್ಪಿಯ ಮೊದಲ ಕಂತು, ಇಷ್ಟಕ್ಕೆ ಈ ತಿಂಗಳೇ ಖರ್ಚು ಮಾಡಿ. ಕೆಲಸ ಶುರುವಾಗಿದೆ ಎಂದು ಕಂಡರೆ ಜನ ಕೊಡುತ್ತಾರೆ. ಎಂಟು ತಿಂಗಳಿಂದ ಇದ್ದ ಹಾಗೆಯೇ ಇರುವ ಬಾಗಿಲಿಗೆ ಕೊಟ್ಟವರೂ ಎರಡನೆಯ ಸಲ ಕೊಡುವುದಿಲ್ಲ.

ಈಗ ನೀವು ಕೇಳದೇ ಇದ್ದ ಪ್ರಶ್ನೆ. ಹೆಬ್ಬಾಗಿಲು ಯಾರದು?

ಟ್ರಸ್ಟ್ ಪತ್ರ ನೋಡಿದೆ. ಐವರು ಟ್ರಸ್ಟಿಗಳು, ಐವರೂ ಒಂದೇ ಮನೆಯವರು. ಆಸ್ತಿ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿದೆ. ಅವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ. ಟ್ರಸ್ಟಿಗೂ ಮನೆಗೂ ನಡುವೆ ಒಂದು ಹಾಳೆಯ ಕರಾರೂ ಇಲ್ಲ. ಅಂದರೆ ಇವತ್ತು ಯಾರಾದರೂ ನಿಮಗೆ ಹತ್ತು ಸಾವಿರ ಕೊಟ್ಟರೆ ಅದು ನಿಮ್ಮ ಮೂವರ ಖಾಸಗಿ ಸ್ವತ್ತಿನ ದುರಸ್ತಿಗೆ ಕೊಟ್ಟ ಹಣ. ನಾಳೆ ದಾಯಾದಿಯೊಬ್ಬರು ಪಾಲು ಕೇಳಿ, ಮನೆ ಮಾರಿ, ಬಾಗಿಲನ್ನು ಪೇಟೆಗೆ ಸಾಗಿಸಿದರೆ ಕೊಟ್ಟವರಿಗೆ ಕೇಳುವ ಹಕ್ಕಿಲ್ಲ. ಊರಿನವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೇಷ್ಟರ ಮುಖ ನೋಡಿ ನೂರಾ ಒಂದು ರೂಪಾಯಿ ಕೊಟ್ಟು, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಕಂಪನಿಯವರು ಮೂರನೆಯ ಇಮೇಲ್‌ನಲ್ಲಿ ನೇರವಾಗಿಯೇ ಕೇಳುತ್ತಾರೆ.

ಮೊದಲು ಪೌತಿ ಖಾತೆ ಮಾಡಿಸಿ, ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ಸರಿಪಡಿಸಿಕೊಳ್ಳಿ. ಆಮೇಲೆ ಮ್ಯೂಸಿಯಂ ಇರುವ ಭಾಗವನ್ನು ದಾನಪತ್ರದ ಮೂಲಕ ಟ್ರಸ್ಟಿಗೆ ಕೊಡಿ. ಅದು ಮನಸ್ಸಿಗೆ ಬಾರದಿದ್ದರೆ ಮೂವತ್ತು ವರ್ಷದ ಗುತ್ತಿಗೆ ಕರಾರನ್ನಾದರೂ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಟ್ರಸ್ಟಿಗೆ ಮನೆತನದ ಹೊರಗಿನ ಇಬ್ಬರನ್ನು ಸೇರಿಸಿಕೊಳ್ಳಿ. ಹಣದ ಖಾತೆ ಟ್ರಸ್ಟಿನ ಹೆಸರಿನಲ್ಲಿರಲಿ, ಸಹಿ ಇಬ್ಬರದಿರಲಿ, ಅವರಲ್ಲಿ ಒಬ್ಬರು ಹೊರಗಿನವರಾಗಿರಲಿ. ನಾನು ಸಲಹೆಗಾರನಾಗಿದ್ದ ಒಂದು ಕಡೆ ಸಂಗ್ರಹದ ಹಣವೆಲ್ಲ ಅಧ್ಯಕ್ಷರ ಸ್ವಂತ ಉಳಿತಾಯ ಖಾತೆಯಲ್ಲಿತ್ತು. ಮನುಷ್ಯ ಅಪ್ಪಟ ಪ್ರಾಮಾಣಿಕ. ಒಂದು ಬೆಳಗ್ಗೆ ಹೃದಯಾಘಾತವಾಗಿ ಹೋದರು. ವಾರಸುದಾರರ ಪ್ರಮಾಣಪತ್ರ ಬಂದು ಆ ಹಣ ಬಿಡುಗಡೆಯಾಗುವಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು, ಉಳಿಸಬೇಕಾಗಿದ್ದ ಉಪ್ಪರಿಗೆ ನೆಲಕ್ಕೆ ಬಂದಿತ್ತು. ಪ್ರಾಮಾಣಿಕರ ಕೈಯಲ್ಲೂ ಹಣ ಹೀಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಕಾಗದಪತ್ರದ ಮಟ್ಟಿಗೆ ಇಷ್ಟು. ‘ಯಾರದು’ ಎನ್ನುವುದಕ್ಕೆ ಇನ್ನೊಂದು ಮಗ್ಗುಲಿದೆ. ಸಾಗರ ತಾಲ್ಲೂಕು ಎಂದಿರಿ. ಕಾಗೋಡು ಇರುವುದೂ ಅದೇ ತಾಲ್ಲೂಕಿನಲ್ಲಿ. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬಲ್ಲಿಂದ ಹೊತ್ತಿಕೊಂಡ ಜಗಳ 1951 ರಲ್ಲಿ ರೈತ ಸತ್ಯಾಗ್ರಹವಾಗಿ, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದದ್ದು ನಿಮಗೆ ನಾನು ಹೇಳಬೇಕಾಗಿಲ್ಲ, ನೀವೇ ಮಕ್ಕಳಿಗೆ ಪಾಠ ಮಾಡಿರುತ್ತೀರಿ. 1974 ರ ಭೂಸುಧಾರಣೆಯ ನಂತರ ಗೇಣಿಯ ವ್ಯವಸ್ಥೆಯೇ ಹೋಯಿತು. ಉತ್ತವರಿಗೆ ಭೂಮಿ ಬಂತು, ದೊಡ್ಡ ಮನೆಗಳಿಗೆ ವರ್ಷವರ್ಷವೂ ಹಂಚು ಕೈಯಾಡಿಸುವ ತಾಕತ್ತು ಹೋಯಿತು. ನಿಮ್ಮ ಹೆಬ್ಬಾಗಿಲಿಗೆ ಐವತ್ತು ವರ್ಷ ದುರಸ್ತಿ ಕಾಣದೇ ಇರುವುದಕ್ಕೆ ಗೆದ್ದಲಿನಷ್ಟೇ ಇದೂ ಕಾರಣ.

ನಿಮ್ಮ ವಸ್ತುಪಟ್ಟಿಯಲ್ಲಿ ‘ಅಳತೆಯ ಕೊಳಗ – 3’ ಎಂದಿದೆ. ಮೂರೂ ಒಂದೇ ಅಳತೆಯವೇ? ಭತ್ತ ತುಂಬಿ, ಸೇರಿನಲ್ಲಿ ಅಳೆದು ನೋಡಿದ್ದೀರಾ? ನೋಡಿಲ್ಲವಾದರೆ ಬರುವ ಭಾನುವಾರ ನೋಡುಗರ ಎದುರಿಗೇ ಅಳೆಯಿರಿ. ಬಂದ ಲೆಕ್ಕ ಏನೇ ಇರಲಿ, ಅದನ್ನು ಬರೆದು ಕೊಳಗದ ಪಕ್ಕ ಇಡಿ. ನಿಮ್ಮ ಮನವಿ ಪತ್ರದ ಮೊದಲ ವಾಕ್ಯ ‘ನಮ್ಮ ವಂಶದ ಗತವೈಭವದ ಪ್ರತೀಕವಾದ ಮಹಾದ್ವಾರ’ ಎಂದು ಶುರುವಾಗುತ್ತದೆ. ಆ ದ್ವಾರದ ಎದುರು ಗೇಣಿ ಭತ್ತದ ಮೂಟೆ ಇಳಿಸಿ ಅಂಗಳದಲ್ಲೇ ನಿಂತು ಕಾದವರ ಮೊಮ್ಮಕ್ಕಳ ಕೈಗೂ ಅದೇ ಪತ್ರ ಹೋಗಿದೆ. ಅವರು ಏಕೆ ಕೊಡಬೇಕು? ಜಗಲಿಯ ಮೇಲೆ ಕೂತವರು ಯಾರು, ಕೆಳಗೆ ನಿಂತವರು ಯಾರು, ಹಿಂಬದಿಯಿಂದ ಕೊಟ್ಟಿಗೆಯ ಕಡೆಗೆ ಬಂದವರು ಯಾರು ಎನ್ನುವುದು ಊರಿಗೆ ಇನ್ನೂ ನೆನಪಿದೆ. ಈಗ ನಿಮ್ಮಲ್ಲಿ ಎಲ್ಲರೂ ಹಿಂಬಾಗಿಲಿನಿಂದ ಬರುತ್ತಿದ್ದಾರೆ. ಕೆಲವರ ಅಜ್ಜಂದಿರು ಯಾವಾಗಲೂ ಹಾಗೆಯೇ ಬಂದವರು.

ಇದನ್ನು ಮುಚ್ಚಿಟ್ಟು ಹಣ ಎತ್ತಲು ಆಗುವುದಿಲ್ಲ, ಬಿಚ್ಚಿಟ್ಟರೆ ಆಗುತ್ತದೆ. ಗೇಣಿ ಅಳೆಸಿದ ನೆನಪಿರುವ ಎಂಬತ್ತು ದಾಟಿದವರು ನಿಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರು. ಅವರ ಮನೆಗೆ ನೀವೇ ಹೋಗಿ ಕೂತು ಮಾತಾಡಿಸಿ, ಒಪ್ಪಿದರೆ ಮೊಬೈಲಿನಲ್ಲಿ ದನಿ ದಾಖಲಿಸಿ, ಹೆಬ್ಬಾಗಿಲಿನ ಜಗಲಿಯಲ್ಲಿ ಕೂತು ಕೇಳುವಂತೆ ಮಾಡಿ. ಹಣ ಕೇಳಲು ಹೋದ ದಿನವೇ ಇದನ್ನು ಮಾಡಬೇಡಿ, ತಿಂಗಳು ಮೊದಲೇ ಮಾಡಿ. ಟ್ರಸ್ಟಿಗೆ ಹೊರಗಿನ ಇಬ್ಬರನ್ನು ಸೇರಿಸಿ ಎಂದೆನಲ್ಲ, ಅವರಲ್ಲಿ ಒಬ್ಬರಾದರೂ ಆ ಮನೆಗಳವರಾಗಿರಲಿ, ಹೆಣ್ಣುಮಕ್ಕಳಾದರೆ ಇನ್ನೂ ಒಳ್ಳೆಯದು. ದೀವರ ಸಮುದಾಯದ ಹಸೆ ಚಿತ್ತಾರ ನಿಮ್ಮ ಸೀಮೆಯದೇ ಕಲೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ, ಮದುವೆಗೆ ಗೋಡೆಯ ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುವಂಥದ್ದು. ಸಿಮೆಂಟ್ ಗಾರೆ ಕಿತ್ತು ಮಣ್ಣಿನ ಗಾರೆ ಮೆತ್ತಿದ ಮೇಲೆ ಜಗಲಿಯ ಗೋಡೆ ಚಿತ್ತಾರಕ್ಕೆ ಹೇಳಿ ಮಾಡಿಸಿದಂತೆ ಇರುತ್ತದೆ. ಬರೆಯಿಸಿದರೆ ಕಲಾವಿದೆಗೆ ಸರಿಯಾದ ಸಂಭಾವನೆ ಕೊಡಿ, ಅದನ್ನು ಅಂದಾಜುಪಟ್ಟಿಯಲ್ಲಿಯೇ ಒಂದು ಸಾಲಾಗಿ ಸೇರಿಸಿ. ‘ನಮ್ಮ ಮ್ಯೂಸಿಯಂನಲ್ಲಿ ನಿಮ್ಮ ಹೆಸರು ಬರುತ್ತದೆ’ ಎಂದು ಹೇಳಿ ಬಿಟ್ಟಿ ಬರೆಯಿಸಿಕೊಂಡರೆ ಅದು ಹಳೆಯ ಕೊಳಗದ್ದೇ ಲೆಕ್ಕವಾದೀತು.

ಇನ್ನು ಕೇಳುವ ಕ್ರಮ. ನಿಮ್ಮ ಮನೆಯವರು ಒಂದು ಲಕ್ಷ ಹಾಕಿದ್ದೀರಿ, ಅದನ್ನು ಪತ್ರದಲ್ಲಿ ಏಕೆ ಹೇಳಿಲ್ಲ? ಸ್ವಂತ ಕೈಯಿಂದ ಮೊದಲು ಹಾಕಿದವನು ಕೇಳಿದರೆ ಅದರ ತೂಕವೇ ಬೇರೆ. ಎರಡನೆಯದು, ನೀವು ಮೇಷ್ಟರು. ನಲವತ್ತು ವರ್ಷದ ಶಿಷ್ಯರಿದ್ದಾರೆ. ಮುದ್ರಿಸಿದ ಮನವಿಯನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿ ಕೂರುವುದಕ್ಕಿಂತ ದಿನಕ್ಕೆ ಮೂವರಂತೆ ಫೋನ್ ಮಾಡಿ. ‘ಕೈಲಾದಷ್ಟು’ ಎನ್ನಬೇಡಿ. ಕೈಲಾದಷ್ಟು ಎಂದರೆ ಯಾರಿಗಾದರೂ ನೆನಪಾಗುವುದು ಗಣಪತಿ ಚಂದಾದ ಮೊತ್ತ. ಕೆಲಸವನ್ನು ತುಂಡು ತುಂಡಾಗಿ ಬೆಲೆ ಕಟ್ಟಿ ಮುಂದಿಡಿ. ಮಾಡಿನ ಒಂದು ಸಾಲು ಹಂಚು, ಒಂದು ಪಕಾಸಿ, ಆಚಾರಿಯ ಒಂದು ವಾರದ ಕೂಲಿ, ಕಂಬದ ಪಾದದ ಕಲ್ಲು ಹೀಗೆ. ‘ಆಚಾರಿಯ ಒಂದು ವಾರ ನಿನ್ನದು’ ಎಂದರೆ ಬೆಂಗಳೂರಿನಲ್ಲಿರುವ ಹುಡುಗನಿಗೆ ತಾನು ಏನು ಕೊಟ್ಟೆ ಎನ್ನುವುದು ಕಣ್ಣಿಗೆ ಕಾಣುತ್ತದೆ.

ಇದೇನೂ ಹೊರಗಿನಿಂದ ಕಲಿಯಬೇಕಾದ ವಿದ್ಯೆಯಲ್ಲ. ನಮ್ಮ ದಾನಶಾಸನಗಳಲ್ಲಿ ರಾಜ ಬಿಟ್ಟ ಭೂಮಿಯ ಜೊತೆಗೇ ಗಾಣದವರು ನಂದಾದೀಪಕ್ಕೆ ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ, ಎಲೆಯ ವ್ಯಾಪಾರಿಗಳು ಇಷ್ಟು ಎಲೆ ಎಂದು ಬಿಟ್ಟದ್ದನ್ನೂ ಕೊರೆದಿದ್ದಾರೆ. ಒಂದು ಸೊಲ್ಲಗೆ ಎಣ್ಣೆಯ ಲೆಕ್ಕ ಕಲ್ಲಿನ ಮೇಲೆ ಎಂಟು ನೂರು, ಒಂಬೈನೂರು ವರ್ಷ ಉಳಿದಿದೆ. ನೀವು ಹಂಚಿದ ರಸೀದಿಗಳ ಎರಡನೆಯ ಪ್ರತಿ ನಿಮ್ಮಲ್ಲಿ ಇದೆಯೇ? ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಅನೇಕರಲ್ಲಿ ಇರುವುದಿಲ್ಲ.

ಮಲೆನಾಡಿನಲ್ಲಿ ನಗದಿಗಿಂತ ವಸ್ತು ಸುಲಭವಾಗಿ ಬರುತ್ತದೆ. ಈಚೆಗೆ ಹಳೆಮನೆ ಕೆಡವಿ ಆರ್‌ಸಿಸಿ ಕಟ್ಟಿದವರ ಹಿತ್ತಲಲ್ಲಿ ಒಣಗಿದ ಹಲಸಿನ ತೊಲೆಗಳು, ಹಳೆಯ ಹಂಚು ರಾಶಿ ಬಿದ್ದಿರುತ್ತವೆ. ಅಂಥ ಮರ ಮಾರುಕಟ್ಟೆಯಲ್ಲಿ ದುಡ್ಡು ಕೊಟ್ಟರೂ ಸಿಗದು. ಕೇಳಿ ಪಡೆಯಿರಿ, ಕೊಟ್ಟವರ ಹೆಸರಿಗೆ ಸಾಮಾನಿನ ರಸೀದಿ ಬರೆಯಿರಿ. ಮರ ಸಾಗಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ಒಂದು ಮಾತು ವಿಚಾರಿಸಿಕೊಳ್ಳಿ, ಹಳೆಯ ತೊಲೆಯೆಂದು ಚೆಕ್‌ಪೋಸ್ಟಿನಲ್ಲಿ ಯಾರೂ ನಂಬುವುದಿಲ್ಲ. ಹಂಚು ಇಳಿಸಿ ತೊಳೆದು ಮತ್ತೆ ಏರಿಸುವ ಕೆಲಸಕ್ಕೆ ಕೂಲಿಯಿಲ್ಲದೆ ಪರಸ್ಪರ ನೆರವಾಗುವ ಮುಯ್ಯಾಳು ಸೇರಿದರೆ ಎರಡು ದಿನದ ಕೂಲಿ ಉಳಿಯುತ್ತದೆ, ಜೊತೆಗೆ ಹಂಚು ಮುಟ್ಟಿದ ಇಪ್ಪತ್ತು ಜನ ಆ ಮಾಡಿನ ಕಡೆಗೆ ಆಮೇಲೂ ತಲೆಯೆತ್ತಿ ನೋಡುತ್ತಾರೆ. ನಗದು ಕೇಳುವುದಿದ್ದರೆ ಅಡಿಕೆ ಮಾರಾಟವಾದ ಮೇಲೆ ಹೋಗಿ, ಕೊಯ್ಲಿನ ಕೂಲಿಗೇ ತಡಕಾಡುತ್ತಿರುವಾಗ ಬೇಡ. ಅಡಿಕೆ ಮಾರಾಟ ಸಹಕಾರ ಸಂಘಗಳು, ಪತ್ತಿನ ಸಂಘಗಳು ಲಾಭ ಹಂಚುವಾಗ ಸಾರ್ವಜನಿಕ ಹಿತಕ್ಕೆಂದು ಒಂದು ಪಾಲು ತೆಗೆದಿಡುವುದುಂಟು. ವಾರ್ಷಿಕ ಸಭೆಗೆ ಮುಂಚೆಯೇ ಅರ್ಜಿ ಕೊಟ್ಟಿರಬೇಕು.

ಸಿಎಸ್‌ಆರ್ ಬಗ್ಗೆ ನಿಮಗೆ ದೊಡ್ಡ ಆಸೆ ಇರುವಂತಿದೆ. ನಿಯಮ ಹೀಗಿದೆ. ₹500 ಕೋಟಿ ನಿವ್ವಳ ಮೌಲ್ಯ, ₹1,000 ಕೋಟಿ ವಹಿವಾಟು ಅಥವಾ ₹5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2 ರಷ್ಟನ್ನು ಸಮಾಜದ ಕೆಲಸಗಳಿಗೆ ಖರ್ಚು ಮಾಡಬೇಕು. 2013 ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಐತಿಹಾಸಿಕ ಮಹತ್ವದ ಕಟ್ಟಡಗಳ ಜೀರ್ಣೋದ್ಧಾರವೂ ಸೇರಿದೆ. ಆದರೆ ಕಂಪನಿ ತಾನೇ ಹುಟ್ಟುಹಾಕದ ಹೊರಗಿನ ಟ್ರಸ್ಟಿನ ಮೂಲಕ ಕೆಲಸ ಮಾಡಿಸಬೇಕಾದರೆ ಆ ಟ್ರಸ್ಟಿಗೆ ಆದಾಯ ತೆರಿಗೆಯ 12ಎ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ವಿನಾಯಿತಿ) ನೋಂದಣಿ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಸಂಖ್ಯೆ, ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ನಿಮ್ಮದಕ್ಕೆ ಎರಡೇ ವರ್ಷ. ಹಾಗಾಗಿ ಈ ವರ್ಷ ನೇರವಾಗಿ ಬರೆಯುವುದು ಅಂಚೆ ಖರ್ಚು ಅಷ್ಟೇ. ಅನುಭವವುಳ್ಳ ಸಂಸ್ಥೆಯೊಂದು ಕೆಲಸ ವಹಿಸಿಕೊಂಡರೆ ಅದರ ಮೂಲಕ ಪ್ರಯತ್ನಿಸಬಹುದು. ಕಂಪನಿಗಳು ಕಾರ್ಖಾನೆಯ ಸುತ್ತಮುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ, ಬೆಂಗಳೂರಿನ ದೊಡ್ಡ ಹೆಸರುಗಳಿಗಿಂತ ನಿಮ್ಮ ಜಿಲ್ಲೆಯಲ್ಲಿ ಘಟಕ ಇರುವವರ ಪಟ್ಟಿ ಮಾಡಿ. ವರ್ಷದ ಯೋಜನೆ ನಿಗದಿಯಾಗುವುದು ಏಪ್ರಿಲ್ ನಂತರದ ತಿಂಗಳುಗಳಲ್ಲಿ. ಫೆಬ್ರುವರಿಯಲ್ಲಿ ಉಳಿಕೆ ಹಣಕ್ಕೆ ನೂರು ಜನ ಕೈಚಾಚಿರುತ್ತಾರೆ.

80ಜಿ ನೋಂದಣಿಯನ್ನು ಮಾತ್ರ ಈಗಲೇ ಮಾಡಿಸಿ. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ದಾನಿಯ ಪ್ಯಾನ್ ಬೇಕು, ವರ್ಷದ ಕೊನೆಗೆ ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಡಬೇಕು. 2025 ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ಆಗಿ 2026 ರ ಏಪ್ರಿಲ್ 1 ರಿಂದ ಜಾರಿ ಎಂದಿರುವುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ, ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ. ಆದರೆ ಈ ವಿನಾಯಿತಿಯನ್ನೇ ಮನವಿಯ ಮುಖ್ಯ ಆಕರ್ಷಣೆ ಮಾಡಬೇಡಿ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಸಂಬಳದಾರರಿಗೆ ಅದು ಸಿಗುವುದೇ ಇಲ್ಲ, ನಿಮ್ಮ ಶಿಷ್ಯರಲ್ಲಿ ಬಹಳಷ್ಟು ಜನ ಅದರಲ್ಲೇ ಇರುತ್ತಾರೆ.

ಅಮೆರಿಕದ ನೆಂಟರ ವಿಷಯದಲ್ಲಿ ಅವಸರ ಬೇಡ, ಇಲ್ಲಿ ಎಡವಿದರೆ ಟ್ರಸ್ಟಿಗೇ ಕುತ್ತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ದುಡಿಯುತ್ತಿರುವ ಅಳಿಯ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅದೇ ಮನೆಯಲ್ಲಿ ಅಮೆರಿಕದ ಪೌರತ್ವ ಪಡೆದ ಮಗಳು ಕಳಿಸಿದರೆ, ಅವಳ ಬಳಿ ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. 2010 ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ಆದ್ದರಿಂದ ಖಾತೆ ಸಂಖ್ಯೆ ಕಳಿಸುವ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ, ಉತ್ತರವನ್ನು ಕಡತದಲ್ಲಿಡಿ. ಪೌರತ್ವ ಬದಲಾದವರಿಂದ ಹಣದ ಬದಲು ಬೇರೆ ಸಹಾಯ ಪಡೆಯಿರಿ. ಹಳೆಯ ಫೋಟೊ, ಅಜ್ಜಿಯ ಪತ್ರಗಳು, ಮದುವೆಯ ದಿಬ್ಬಣ ಆ ಬಾಗಿಲಿನಲ್ಲಿ ನಿಂತಿದ್ದ ಚಿತ್ರ. ಬಾಗಿಲು ಮೊದಲು ಹೇಗಿತ್ತು ಎನ್ನುವುದಕ್ಕೆ ಆಚಾರಿಗೆ ಅಂಥ ಒಂದು ಫೋಟೊ ಸಾಕು.

ಸರ್ಕಾರದ ವಿಷಯ ಚಿಕ್ಕದಾಗಿಯೇ ಹೇಳುತ್ತೇನೆ. ನಿಮ್ಮ ಮನೆ ಸಂರಕ್ಷಿತ ಸ್ಮಾರಕವಲ್ಲ, ಪುರಾತತ್ವ ಇಲಾಖೆಯ ದುರಸ್ತಿ ಹಣ ಮೊದಲು ಹೋಗುವುದು ಅಂಥವಕ್ಕೆ. ಸಂಸದರ ನಿಧಿಯಲ್ಲಿ ಖಾಸಗಿ ಸ್ವತ್ತಿನ ಕೆಲಸ ಬಾರದು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಉಳಿಯಲಿಲ್ಲವೇ ಎನ್ನಬಹುದು. ಉಳಿಯಿತು. 2011 ರಲ್ಲಿ ಕೆಡವಲು ಶುರುಮಾಡಿ ಸುದ್ದಿಯಾದ ಮೇಲೆ, ಅಷ್ಟು ದೊಡ್ಡ ಹೆಸರಿನ ಬಲದ ಮೇಲೆ, ಮಹಾನಗರ ಪಾಲಿಕೆ ಅದನ್ನು ಕೊಂಡು ದುರಸ್ತಿ ಮಾಡಿ 2016 ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ನಿಮ್ಮ ಮನೆಗೆ ಅಂಥ ಹೆಸರಿಲ್ಲ. ಜೆಸಿಬಿ ಬಂದರೂ ಪತ್ರಿಕೆಯವರು ಬರಲಿಕ್ಕಿಲ್ಲ. ಶಾಸಕರು ‘ಹಳೆಯದು ಏಕೆ, ಹೊಸದಾಗಿ ಒಂದು ಸ್ವಾಗತ ಕಮಾನು ಕಟ್ಟಿಸಿಕೊಡುತ್ತೇನೆ’ ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಕಾಂಕ್ರೀಟಿನ ಕಮಾನು, ಅದರ ನೆತ್ತಿಯ ಮೇಲೆ ಹೆಸರುಗಳು, ಅದರ ಹಿಂದೆ ನಿಮ್ಮ ಮನೆ ಎಲ್ಲಿದೆ ಎಂದು ಹುಡುಕುವ ನೋಡುಗರು. ಇಂಥದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೆಸರಿನ ಕಲ್ಲಿನ ವಿಷಯವೂ ಅಷ್ಟೇ. ಒಬ್ಬ ದಾನಿಯ ಗ್ರಾನೈಟ್ ಫಲಕವನ್ನು ಮಣ್ಣಿನ ಗೋಡೆಗೆ ಡ್ರಿಲ್ ಮಾಡಿ ಕೂರಿಸಿ, ಬಿರುಕು ಬಿಟ್ಟ ಆ ಗೋಡೆಗೆ ಮತ್ತೆ ದೇಣಿಗೆ ಎತ್ತಿದವರಿದ್ದಾರೆ. ನೀವು ಒಂದು ದಪ್ಪ ರಟ್ಟಿನ ಪುಸ್ತಕ ಇಡಿ. ನೂರು ರೂಪಾಯಿಯೂ, ಲಕ್ಷವೂ, ನಾಲ್ಕು ಹಂಚೂ, ಎರಡು ದಿನದ ಮುಯ್ಯಾಳೂ ಬಂದ ಕ್ರಮದಲ್ಲಿಯೇ ಅದರಲ್ಲಿರಲಿ. ಎಡ ಪುಟದಲ್ಲಿ ಬಂದದ್ದು, ಬಲ ಪುಟದಲ್ಲಿ ಖರ್ಚಾದದ್ದು. ನಿಮ್ಮ ಕೈಬರಹ ಚೆನ್ನಾಗಿದೆ, ನೀವೇ ಬರೆಯಿರಿ. ಬಂದದ್ದರಲ್ಲಿ ಹತ್ತನೆಯ ಒಂದು ಪಾಲನ್ನು ಮುಟ್ಟದೆ ಠೇವಣಿ ಇಟ್ಟರೆ ಮುಂದೆ ವರ್ಷವರ್ಷವೂ ಮಳೆಗಾಲದ ಮೊದಲು ಹಂಚು ಕೈಯಾಡಿಸುವ ಖರ್ಚಿಗೆ ಆದೀತು.

ಕೊನೆಯದು. ಹಿಂಬಾಗಿಲಿನಿಂದ ಜನರನ್ನು ಬಿಡುವುದನ್ನು ನಿಲ್ಲಿಸಿ. ಆಸರೆ ಕಂಬ ನಿಂತ ಮರುವಾರದಿಂದಲೇ ಎಲ್ಲರೂ ಹೆಬ್ಬಾಗಿಲಿನ ಎದುರಿನ ಅಂಗಳಕ್ಕೆ ಬರಲಿ. ಹತ್ತಡಿ ದೂರದಲ್ಲಿ ಹಗ್ಗ ಕಟ್ಟಿ, ಅಲ್ಲಿ ನಿಂತು ಕುಸಿದ ತೊಲೆಯನ್ನೂ ಕೊಳೆತ ಬುಡವನ್ನೂ ನಿಮ್ಮ ಸೀಮೆಸುಣ್ಣದ ಗೆರೆಯನ್ನೂ ನೋಡಲಿ, ಪಕ್ಕದ ಮೇಜಿನ ಮೇಲೆ ಪುಸ್ತಕವೂ ಆ ಮೂರು ಕೊಳಗಗಳೂ ಇರಲಿ. ನೋಡಿದ ಮೇಲೆ ಪಕ್ಕದ ದಣಪೆ ದಾಟಿಸಿ ಒಳಗೆ ಕರೆದೊಯ್ಯಿರಿ. ಸಿಮೆಂಟ್ ಒಡೆಸಿದ ದಿನ ಕಂಬದ ಪಾದದ ಫೋಟೊ ತೆಗೆದು ನನಗೆ ಕಳಿಸಿ. ಕೆಳಗೆ ಹಳೆಯ ಕಲ್ಲು ಇದ್ದರೆ ಅಂದಾಜುಪಟ್ಟಿಯಿಂದ ಇನ್ನೊಂದು ಸಾಲನ್ನು ಹೊಡೆದುಹಾಕಬಹುದು.